ಉಕ್ಕೋ ಚೆನ್ನಾಜಿಗೆ ಸೋಡಾ ಹೊನ್ನ ಗಂಡನಾದದ್ದು

ಕೇಳ್ರಪ್ಪಾ, ಹೊಳೆದಂಡೆ ಮೇಲೊಂದು ಊರು. ಆ ಊರಲ್ಲಿ ಗೋಲಿ ಸೋಡಾ ಮಾರೋ ಸಣ್ಣತಾಯಮ್ಮ. ಅವಳಿಗೊಬ್ಬನೇ ಮಗ, ಹೊನ್ನ. ಆಳು ಬಾಗಿಲೆತ್ತರ, ತಲೇಲಿ ಮಾತ್ರ ಗಾಳಿ ಓಡಾಡ್ತಿತ್ತು. ಕೆಟ್ಟವನಲ್ಲ, ಸೋಮಾರಿಯಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ತಾಯಿಗೆ ಅದೇ ಸಂಕಟ. "ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು ದಿಕ್ಕು? ಇವನಿಗೆ ಯಾರು ಹೆಣ್ಣು ಕೊಟ್ಟಾರು?"

ಒಂದು ದಿನ ಅವಳಿಗೆ ಸೊಂಟ ಹಿಡ್ಕೊಂತು. ಮಗನ್ನೇ ಅಂಗಡೀಲಿ ಕೂರಿಸಿದಳು. ದಾರಿಹೋಕನೊಬ್ಬ ಬಂದು, "ಸೋಡಾ ಹೆಂಗಿದೆಯಪ್ಪಾ?" ಅಂದ. ಹೊನ್ನ ಸೀಸೆ ಎತ್ತಿ ಬೆಳಕಿಗೆ ಹಿಡಿದ. "ಸುಮ್ಮನೆ ನಿಂತದೆ ಸ್ವಾಮಿ, ಮಿಸುಕಾಡ್ತಾನೇ ಇಲ್ಲ!" ಅಂದ. ಆತ ಹೊರಟೇ ಹೋದ. ಸಂಜೆ ಇದನ್ನ ಕೇಳಿ ತಾಯಿ ತಲೆ ಚಚ್ಕೊಂಡಳು.

"ಅಯ್ಯೋ ಪೆದ್ದೇ! ಸೋಡಾ ನಿಂತದೆ ಅಂತಾರೇನೋ? ಕೈ ತಟ್ಟಿ, 'ಆಹಾ, ಏನು ಉಕ್ಕು! ಬುಸ್ಸಂತ ಉಕ್ತದೆ!' ಅನ್ನಬೇಕು!"

"ಹಂಗೇ ಆಗಲಿ ಅವ್ವಾ."

ಮಾರನೇ ದಿನ ಪಕ್ಕದ ಮನೆ ಕೆಂಪಜ್ಜಿ ಕರೆದು, "ಒಲೆ ಮೇಲೆ ಹಾಲಿದೆ ನೋಡ್ಕೊಳಪ್ಪಾ, ಒಂದು ಕೊಡ ನೀರು ತರ್ತೀನಿ" ಅಂದಳು. ಹೊನ್ನ ನೋಡಿದ. ಹಾಲು ಏರ್ತು, ಏರ್ತು, ಅಂಚಿಗೆ ಬಂತು. ಹೊನ್ನ ಕೈ ತಟ್ಟಿ ಕುಣಿದ. "ಆಹಾ, ಏನು ಉಕ್ಕು! ಬುಸ್ಸಂತ ಉಕ್ತದೆ!" ಹಾಲೆಲ್ಲ ಒಲೆ ಪಾಲು!

"ಅಯ್ಯೋ ಪೆದ್ದೇ!" ಅಂದಳು ತಾಯಿ. "ಉಕ್ಕೋದನ್ನ ಹೊಗಳ್ತಾ ಕೂರ್ತಾರೇನೋ? ತಟ್ಟಂತ ತಣ್ಣೀರು ಚಿಮುಕಿಸಬೇಕು!"

"ಹಂಗೇ ಆಗಲಿ ಅವ್ವಾ."

ಹೊಳೆಯಾಚೆ ಊರಲ್ಲಿ ಚೆನ್ನಾಜಿ ಅಂತ ಒಬ್ಬಳು ಹುಡುಗಿ. ಏನು ಗೆಲುವು ಅಂತೀರಿ! ಅವಳು ಬಾವಿಕಟ್ಟೆಗೆ ಬಂದರೆ ಜಗಳ ಆಡ್ತಿದ್ದೋರೂ ನಗ್ತಿದ್ದರು. ಅವಳು ನಾಟಿ ಗದ್ದೆಗಿಳಿದರೆ ಸೊಂಟ ನೋವು ಅನ್ನೋರೇ ಇರ್ತಿರಲಿಲ್ಲ. ಆದರೆ ನೋಡೋಕೆ ಬಂದ ಗಂಡುಗಳೆಲ್ಲ "ಹೆಣ್ಣು ಇಷ್ಟು ನಗಬಾರದು" ಅಂತ ಎದ್ದು ಹೋಗಿದ್ದರು. ಸಣ್ಣತಾಯಮ್ಮ ಧೈರ್ಯ ಮಾಡಿ ಮಗನ್ನ ಕರ್ಕೊಂಡು ಹೋದಳು. ಹುಡುಗಿ ತಂದೆ ಬೋರಪ್ಪ ಎದೆಯುಬ್ಬಿಸಿ ಹೇಳಿದ:

"ಸುಳ್ಯಾಕೆ ಹೇಳ್ಲಿ ತಾಯಿ, ನಮ್ಮ ಹುಡುಗಿ ಎದ್ದಾಗಿಂದ ಮಲಗೋವರೆಗೂ ಖುಷೀಲಿ ಉಕ್ತಾನೇ ಇರ್ತಾಳೆ!"

ಉಕ್ತಾಳಾ! ಹೊನ್ನ ಪಕ್ಕದಲ್ಲಿದ್ದ ಚೊಂಬು ಎತ್ತಿ ಅವಳ ಮುಖಕ್ಕೆ ಫಳಾರಂತ ನೀರು ಹೊಡೆದ!

ಸಣ್ಣತಾಯಮ್ಮನ ಜೀವ ಬಾಯಿಗೆ ಬಂತು. ಚೆನ್ನಾಜಿ ಕಣ್ಣು ಪಿಳಿಪಿಳಿ ಬಿಟ್ಟಳು. ಆಮೇಲೆ ಕಂಬ ಹಿಡ್ಕೊಂಡು ನಕ್ಕಳು, ಹೊಟ್ಟೆ ಹಿಡ್ಕೊಂಡು ನಕ್ಕಳು, ನೆಲಕ್ಕೆ ಕೂತು ನಕ್ಕಳು.

"ಅಪ್ಪಾ, ಬಂದೋರೆಲ್ಲ ನನ್ನ ನಗು ನಿಲ್ಲಿಸೋಕೆ ಬಂದ್ರು. ಇವರು ಹೆಚ್ಚು ಮಾಡಿದ್ರು. ಇವರನ್ನೇ ಮಾಡ್ಕೋತೀನಿ!"

ತಾಯಿಗೆ ನಂಬೋಕಾಗಲಿಲ್ಲ. ಆದರೂ ದೋಣಿ ಹತ್ತಿದ್ದೇ ಮಗನ ಕಿವಿ ಹಿಂಡಿದಳು. "ಅಂಥಾ ಬಂಗಾರದಂಥ ಹುಡುಗಿಗೆ ನೀರೆರಚ್ತಾರೇನೋ? 'ಹಿಂಗೇ ಉಕ್ತಾ ಇರು, ನೂರು ವರ್ಷ ಉಕ್ತಾ ಇರು' ಅಂತ ಹರಸಬೇಕು!"

"ಹಂಗೇ ಆಗಲಿ ಅವ್ವಾ."

ಮದುವೆಗೆ ಎಂಟು ದಿನ ಇರುವಾಗ ಮೇಲುಗಡೆ ಮಳೆಯಾಗಿ ಹೊಳೆ ಏರ್ತು. ಊರೋರೆಲ್ಲ ದಂಡೇಲಿ ನಿಂತು ಗದ್ದೆ ಮುಳುಗ್ತದಲ್ಲಾ ಅಂತ ಎದೆ ಬಡ್ಕೊಂಡರು. ಹೊನ್ನ ಬಂದ. ಎರಡೂ ಕೈ ಎತ್ತಿದ. "ಹಿಂಗೇ ಉಕ್ತಾ ಇರು ತಾಯಿ, ನೂರು ವರ್ಷ ಉಕ್ತಾ ಇರು!" ಊರೋರು ದೊಣ್ಣೆ ತಗೊಂಡು ಅಟ್ಟಿಸ್ಕೊಂಡು ಬಂದರು.

"ಅಯ್ಯೋ ಪೆದ್ದೇ! ಉಕ್ಕಿ ಬಂತು ಅಂದರೆ ಮರಳುಮೂಟೆ ತಂದು ಅಡ್ಡ ಹಾಕಬೇಕು ಕಣೋ!"

"ಹಂಗೇ ಆಗಲಿ ಅವ್ವಾ." ಓಡಿದ. ಒಂದೊಂದು ಭುಜದ ಮೇಲೆ ಒಂದೊಂದು ಮೂಟೆ! ಸಂಜೆವರೆಗೂ ಹೊತ್ತ, ಒಡ್ಡು ಕಟ್ಟಿದ, ಗದ್ದೆ ಉಳೀತು. ದೊಣ್ಣೆ ಹಿಡಿದೋರೇ ಬೆನ್ನು ತಟ್ಟಿದರು. ಸಣ್ಣತಾಯಮ್ಮ ಅವತ್ತು ಮೊದಲ ಸಲ ಮಗನ್ನ ನೋಡಿ ಕಣ್ಣೊರೆಸ್ಕೊಂಡಳು.

ಮದುವೆ ದಿನ ಬಂತು. ಹೊನ್ನ ಕೂರು ಅಂದರೆ ಕೂತ, ಏಳು ಅಂದರೆ ಎದ್ದ, ತಾಳಿ ಕಟ್ಟು ಅಂದರೆ ಕಟ್ಟಿದ. ತಾಯಿ 'ಸದ್ಯ, ಪಾರಾದೆ' ಅಂದ್ಕೊಂಡಳು. ಆಗ ಬೋರಪ್ಪ ಮಗಳ ಕೈ ಹಿಡ್ಕೊಂಡು ಗದ್ಗದನಾದ.

"ತಾಯಿಲ್ಲದ ಮಗು ಇದು ಬೀಗಿತ್ತೀ. ನನಗೆ ಸಂತೋಷ ಉಕ್ಕಿ ಬರ್ತಾ ಇದೆ, ತಡೆಯೋಕೇ ಆಗ್ತಿಲ್ಲ!"

ಹೊನ್ನ ದಡಕ್ಕಂತ ಎದ್ದ. ಹೂವಿನ ಹಾರ ಹಾರಾಡಿಸ್ಕೊಂಡು ಹೊಳೆ ಕಡೆ ಓಟ ಕಿತ್ತ. "ಗಂಡು ಓಡೋಯ್ತು!" ಅಂತ ಚಪ್ಪರಕ್ಕೆ ಚಪ್ಪರವೇ ಕೂಗ್ತು. ಅಷ್ಟರಲ್ಲಿ ಬಂದ, ಹೆಗಲ ಮೇಲೆ ಮರಳುಮೂಟೆ. ತಂದು ಮಾವನ ಮಡಿಲಿಗೆ ಧಡ್ ಅಂತ ಇಳಿಸಿದ.

"ಹೆದರಬೇಡಿ ಮಾವಾ, ಅಡ್ಡ ಹಾಕಿದ್ದೀನಿ!"

ಚೆನ್ನಾಜಿ ಬಾಸಿಂಗ ಜಾರೋ ಹಾಗೆ ನಕ್ಕಳು, ಪಕ್ಕದೋರ ಮೇಲೆ ಬಿದ್ದು ಬಿದ್ದು ನಕ್ಕಳು. ಹೊನ್ನ ಅವಳನ್ನ ಬೆರಗಾಗಿ ನೋಡಿದ. ಅಡಿಯಿಂದ ಮುಡಿಯವರೆಗೂ ಅಳತೆ ಹಾಕಿದ.

"ಅವ್ವಾ, ಇದಕ್ಕೆ ಒಂದು ಮೂಟೆ ಸಾಲಲ್ಲ. ಗಾಡಿ ಕಟ್ಟು!"