ಏಳು ಗಡಿಗೆ, ಒಂದೇ ಹುಬ್ಬು

ನಂಬಬೇಡಿ, ನನಗೇನೂ ನಷ್ಟವಿಲ್ಲ. ಆದರೆ ಹಿರೇಗೊಂದಿ ಅರಮನೆಯಲ್ಲಿ ಏಳು ಪಂಡಿತರ ಬಾಯಿ ಮುಚ್ಚಿಸಿದವನು ನಾನೇ. ಮೂರೇ ವರ್ಷ ಮರಳಲ್ಲಿ ಅಕ್ಷರ ತಿದ್ದಿದ ಕುಂಬಾರರ ಹುಡುಗ.

ಆಗಿದ್ದಿಷ್ಟು. "ದೊರೆ ನನ್ನನ್ನು ದುರುಗುಟ್ಟಿ ನೋಡಿದರು" ಎಂದು ನನ್ನ ಸೋದರಮಾವ ಚನ್ನಿಗಪ್ಪ ಸಂತೆಯಲ್ಲಿ ಅಂದುಬಿಟ್ಟ. ದೊರೆ ಸರ್ಜಪ್ಪನಾಯಕರು ಅವನನ್ನು ಸೆರೆಗೆ ಹಾಕಿಸಿ, ಅರಮನೆಯ ಏಳು ಪಂಡಿತರನ್ನು ಕರೆಸಿದರು.

"ನಾನು? ದುರುಗುಟ್ಟುವುದು? ಹುಟ್ಟಿದಾಗಿನಿಂದ ನನ್ನದು ಶಾಂತ ಮುಖ! ಆ ಪದದ ಅರ್ಥವೇನು, ಎಲ್ಲಿಂದ ಬಂತು, ನಾಳೆಯೊಳಗೆ ಹೇಳಿ. ಇಲ್ಲವಾದರೆ ಅವನ ನಾಲಿಗೆಗೆ ಬರೆ!"

ಹೀಗೆನ್ನುವಾಗ ಅವರ ಮುಖ ಎಷ್ಟು ಶಾಂತವಾಗಿತ್ತೆಂದರೆ, ಚಾಮರ ಬೀಸುವವನು ಕಂಬದ ಹಿಂದೆ ಅಡಗಿದ.

ಪಂಡಿತರು ಶುರುಮಾಡಿದರು.

"ಅದು ಶತ್ರುಗಳ ಪದ, ಮಹಾಸ್ವಾಮಿ."

"ಗೂಬೆಗಳಿಂದ ಬಂದದ್ದು."

"ನಮ್ಮ ಸೀಮೆಯಲ್ಲಿ ಅದಕ್ಕೆ ಅರ್ಥವೇ ಇಲ್ಲ. ಬೇಕಾಗಿಯೂ ಇಲ್ಲ!"

ಆಹಾ, ಓದು ಅಂದರೆ ಇದು.

ನಾನು ಏಳು ಗಡಿಗೆ ಹೇರಿಕೊಂಡು ಹೋದೆ. "ಪದದ ಹುಟ್ಟು ನಾನು ತೋರಿಸ್ತೀನಿ, ಬುದ್ಧಿ. ನಮ್ಮೂರ ಹೊಲದಲ್ಲಿ ಬೆದರುಬೊಂಬೆಗೆ ಗಡಿಗೆಯೇ ತಲೆ. ಅದರ ಮೇಲೆ ದುರುಗುಟ್ಟೋ ಮುಖ ಬರೀತೀವಿ. ಬರೆಯುವವನಿಗೇ ಯಾವ ಮುಖ ಕಂಡರೆ ನಡುಕವೋ, ಅದೇ ಮುಖ. ಇಲ್ಲದಿದ್ದರೆ ಗುಬ್ಬಿಯೂ ಹೆದರಲ್ಲ. ಪಂಡಿತರು ಬರೀಲಿ."

ದೊರೆ ಒಪ್ಪಿದರು. ಏಳು ಜನರನ್ನೂ ಬೇರೆಬೇರೆ ಕೋಣೆಯಲ್ಲಿ ಕೂರಿಸಿ, ಒಬ್ಬೊಬ್ಬರ ಕಿವಿಯಲ್ಲೂ ಉಸುರಿದೆ: "ಗಡಿಗೆ ನೇರ ಹೊಲಕ್ಕೆ ಹೋಗ್ತದೆ, ದೊರೆ ನೋಡಲ್ಲ. ಆದರೆ ಯಾರ ಗಡಿಗೆ ಮೇಲೆ ಕಾಗೆ ಕೂತಿತೋ, ಅವರೇ ಹೊಲ ಕಾಯಬೇಕು, ಸ್ವಾಮಿ."

ಬಿಸಿಲಲ್ಲಿ ನಿಲ್ಲುವ ಯೋಚನೆಗೇ ಬೆವತು, ಸುಣ್ಣದಲ್ಲಿ ಕಡ್ಡಿ ಅದ್ದಿ ಅದ್ದಿ ಬರೆದರು ಪಾಪ.

ನಾನೇಕೆ ಹೊಲಕ್ಕೆ ಒಯ್ಯಲಿ? ಗದ್ದುಗೆಯ ಮುಂದೆ ಸಾಲಾಗಿಟ್ಟೆ.

ಏಳಕ್ಕೂ ಗುಡ್ಡೆಗಣ್ಣು. ಏಳಕ್ಕೂ ಎಡಹುಬ್ಬಿನ ನಡುವೆ ಒಂದು ಸೀಳು. ಚಿಕ್ಕಂದಿನಲ್ಲಿ ಕುದುರೆಯಿಂದ ಬಿದ್ದು ದೊರೆಗೆ ಆದ ಸೀಳು. ಸೀಮೆಯಲ್ಲಿ ಅಂಥದ್ದು ಇನ್ನೊಂದಿಲ್ಲ.

ದೊರೆಯ ಕೈ ಮೆಲ್ಲಗೆ ತಮ್ಮ ಹುಬ್ಬಿಗೆ ಹೋಯಿತು. ಆಮೇಲೆ ನನ್ನ ಕಡೆ ತಿರುಗಿ ಒಂದು ನೋಟ ನೋಡಿದರು. ಅಬ್ಬಾ!

"ಅಲ್ಲಾಡಬೇಡಿ ಬುದ್ಧಿ," ಎಂದೆ. "ಅರ್ಥ ಈಗ ನಿಮ್ಮ ಮುಖದ ಮೇಲೇ ಇದೆ. ಹುಟ್ಟಿದ ಜಾಗವನ್ನು ಈ ಏಳು ಜನ ಬರೆದುಕೊಟ್ಟಿದ್ದಾರೆ."

ಪಂಡಿತರು ಒಬ್ಬರ ಬೆನ್ನ ಹಿಂದೊಬ್ಬರು ಸರಿದರು. ದೊರೆ ಇನ್ನೂ ದುರುಗುಟ್ಟಿದರೆ ನನ್ನ ಮಾತು ನಿಜವಾಗುತ್ತದೆ. ಬೇರೆ ದಾರಿ ಕಾಣದೆ ದೊರೆ ನಕ್ಕರು. ಅಭ್ಯಾಸವಿರಲಿಲ್ಲ ನೋಡಿ, ನಗು ಕೆಮ್ಮಿನ ಹಾಗೆ ಬಂತು.

"ಏನು ಬೇಕೋ, ಕುಂಬಾರ?"

ಕೇಳಿದೆ. ಕೊಟ್ಟರು: ನಾಲಿಗೆ ಸಮೇತ ನನ್ನ ಮಾವ, ಮತ್ತೆ ನಮ್ಮೂರ ಹೊಲಕ್ಕೆ ಆ ಏಳು ಗಡಿಗೆ.