ಊಟ ಹಾಕಿದವರ ಮನೆ

"ನನ್ನ ಗಡಿಪಡೆ ನಿಲ್ಲು ಅಂದರೆ ನಿಲ್ಲುತ್ತೆ, ಸುಡು ಅಂದರೆ ಸುಡುತ್ತೆ. ಯಾರ ಮನೆ ಅಂತ ಕೇಳೋದೇ ಇಲ್ಲ!" ಎಂದು ನೆಲ್ಲಿದುರ್ಗದ ಪಾಳೆಯಗಾರ ಜಡೆನಾಯಕರು ಕುಂಪಣಿ ದೊರೆಯ ಮುಂದೆ ಮೀಸೆ ತಿರುವಿದರು.

ಸುತ್ತಲಿನ ಸೀಮೆಯೆಲ್ಲ ಕುಂಪಣಿಯ ಮೇಲೆ ತಿರುಗಿಬಿದ್ದಿದ್ದ ಕಾಲ. ನಾಯಕರು ಮಾತ್ರ ಕುಂಪಣಿಯ ಪಕ್ಷ. ದಂಗೆಕೋರ ಬಸಲಿಂಗನ ಹಿಂದೆ ಓಡಿ ಓಡಿ ಅವರ ಗಡಿಪಡೆಯ ಕೆರ ಸವೆದಿತ್ತು. ಬಸಲಿಂಗ ಸಿಕ್ಕರೆ ಕೇಳಿ!

"ಹಾಗಾದರೆ ಅವನಿಗೆ ಊಟ ಹಾಕಿದವರ ಮನೆ ಸುಡಿಸಿ. ಹಟ್ಟಿಯ ನಿಂಗಮ್ಮ ಮೊನ್ನೆ ಮುದ್ದೆ ಹಾಕಿದ್ದಾಳಂತೆ," ಎಂದು ಹೇಳಿ ದೊರೆ ಕುದುರೆ ಹತ್ತಿದರು.

ಅಲ್ಲೇ ನಿಂತಿದ್ದ ಉಗ್ರಾಣಿ ಕೆಂಚಣ್ಣ ಈ ಮಾತು ಕೇಳಿಸಿಕೊಂಡ. ಅರಮನೆಗೂ ಪಡೆಗೂ ದಿನಾ ಬಡಿಸುವವನು ಅವನೇ. ಅವನನ್ನು ಸಾಕಿ ಬೆಳೆಸಿದ ಸೋದರತ್ತೆ ಈ ನಿಂಗಮ್ಮ. ಅಳುತ್ತ ಕೂರಲು ಹೊತ್ತಿರಲಿಲ್ಲ. ಕೈಮುಗಿದು ಮುಂದೆ ಬಂದ.

"ಬುದ್ಧೀ, ಒಬ್ಬಳ ಗುಡಿಸಲು ಸುಟ್ಟರೆ ಸಾಕಾ? ಬಸಲಿಂಗನಿಗೆ ಊಟ ಹಾಕಿದವರು ಯಾರೇ ಆಗಲಿ, ಮೊದಲು ಹಾಕಿದವರಿಂದ ಶುರುಮಾಡಿ ಅಂತ ಅಪ್ಪಣೆ ಕೊಡಿ. ಪಟ್ಟಿ ನನಗೆ ಬಾಯಿಪಾಠ."

"ಭಲೇ! ಯಾರೇ ಆಗಲಿ, ಬಿಡಬೇಡಿ!" ನಾಯಕರು ಅಪ್ಪಣೆ ಬರೆಸಿ ಮುದ್ರೆ ಒತ್ತಿಕೊಟ್ಟು ಊಟಕ್ಕೆ ಎದ್ದರು.

ಉಂಡು ಕೈ ತೊಳೆಯುವಷ್ಟರಲ್ಲಿ ಹೊರಗೆ ಗದ್ದಲ. ಉಪ್ಪರಿಗೆಯಿಂದ ಇಣುಕಿದರೆ, ಗಡಿಪಡೆಯ ಅರವತ್ತು ಜನ ಅರಮನೆಯ ಸುತ್ತ ಹುಲ್ಲಿನ ಹೊರೆ ಒಟ್ಟುತ್ತಿದ್ದಾರೆ! ಯಾರ ಮನೆ ಅಂತ ಒಬ್ಬನೂ ಕೇಳಿರಲಿಲ್ಲ. ಮುಂದೆ ಪಂಜು ಹಿಡಿದ ಕೆಂಚಣ್ಣ.

"ಲೋ, ನಿಮ್ಮ ಮನೆ ಹಾಳಾಗ! ಏನ್ರೋ ಇದು?"

"ಸದ್ಯಕ್ಕೆ ನಿಮ್ಮದು, ಬುದ್ಧೀ. ಪಟ್ಟಿಯಲ್ಲಿ ಇದೇ ಮೊದಲು. ಹೋದ ಮಾಘದಲ್ಲಿ ನಿಮ್ಮ ಮಗಳು ಅಮ್ಮಣ್ಣಿಯವರ ಮದುವೆಗೆ ಬಸಲಿಂಗ ಹನ್ನೆರಡು ಜನರ ಜೊತೆ ಬಂದು ಪಂಕ್ತಿಯಲ್ಲಿ ಕೂತಿದ್ದ. ಹೋಳಿಗೆ ನಾನೇ ಬಡಿಸಿದೆ. 'ನಾಚ್ಕೋಬೇಡಿ, ಇನ್ನೊಂದು ಹಾಕಿಸ್ಕೊಳ್ಳಿ' ಅಂತ ನೀವೇ ಉಪಚಾರ ಮಾಡಿದಿರಿ."

"ಅವನೇ ಅಂತ ನಾನೇನು ಕನಸು ಕಂಡಿದ್ನಾ? ಎಲೆ ಮುಂದೆ ಕೂತವನ ಹೆಸರು ಯಾರಾದರೂ ಕೇಳ್ತಾರೇನೋ?"

"ನಮ್ಮತ್ತೆ ನಿಂಗಮ್ಮನೂ ಕೇಳಲಿಲ್ಲ, ಬುದ್ಧೀ. ಅವಳದು ಬರೀ ಮುದ್ದೆ, ನಿಮ್ಮದು ಹೋಳಿಗೆ. ಹಚ್ಚಲಾ?"

ನಾಯಕರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕೆಳಗಿದ್ದ ಅರವತ್ತು ಜನಕ್ಕೂ ನಗು ಅಂಟಿಕೊಂಡಿತು.

"ಆರಿಸೋ ಮಾರಾಯ, ಆರಿಸೋ! ನಿಂಗಮ್ಮನ ತಂಟೆಗೆ ಯಾರೂ ಹೋಗಕೂಡದು." ಅಷ್ಟರಲ್ಲಿ ನಾಯಕರ ಮುಖ ಸಪ್ಪಗಾಯಿತು. "ಅಲ್ಲವೋ, ನಾಳೆ ಆ ದೊರೆ ಬಂದು, ಯಾಕೆ ಸುಡಲಿಲ್ಲ ಅಂದರೆ ಏನು ಹೇಳಲಿ?"

"ಮದುವೆಗೆ ಅವರೂ ಬಂದಿದ್ದರಲ್ಲ, ಬುದ್ಧೀ. ತಮಾಷೆ ನೋಡೋಣ ಅಂತ ನನ್ನ ಕೈಯಿಂದ ತುಪ್ಪದ ಮಿಳ್ಳೆ ಇಸ್ಕೊಂಡು ಇಡೀ ಪಂಕ್ತಿಗೆ ಬಡಿಸಿದರು. ಬಸಲಿಂಗನಿಗೆ ಎರಡು ಸಲ! 'ಪಟ್ಟಿಯಲ್ಲಿ ಎರಡನೇದು ತಮ್ಮ ಬಂಗಲೆ, ಹುಲ್ಲು ಯಾವಾಗ ಕಳಿಸಲಿ?' ಅಂತ ದೊರೆಯನ್ನೇ ಕೇಳಿ."