ತಿಳಿನೀರಿನ ಕೊಡ

ಹೊಳೆಯಂಚಿನ ಆ ಆಶ್ರಮದಲ್ಲಿ ಅಡುಗೆಮನೆಯೂ ನೀರಿನ ಕೊಡಗಳೂ ರೇವಯ್ಯನ ವಶದಲ್ಲಿದ್ದವು. ಅಕ್ಕಿಯಲ್ಲಿ ಒಂದೇ ಒಂದು ಕಲ್ಲು ಉಳಿದಿದ್ದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಅದರ ಹೆಮ್ಮೆ ಅವನಿಗೆ ತುಸು ಜಾಸ್ತಿಯೇ ಇತ್ತೆನ್ನಿ.

ದೀಕ್ಷೆ ಪಡೆಯುವವನು ಗುರುಗಳ ಪಾದ ತೊಳೆಯುವ ನೀರನ್ನು ತಾನೇ ತಂದು, ತಾನೇ ತಿಳಿ ಮಾಡಬೇಕು. ಅದು ಅಲ್ಲಿಯ ಪದ್ಧತಿ. ಹನ್ನೆರಡು ವರ್ಷ ಕಾದ ಮೇಲೆ ರೇವಯ್ಯನ ಸರದಿ ಬಂದಿತ್ತು.

ಮೇಲೆಲ್ಲೋ ಮಳೆಯಾಗಿ ಹೊಳೆಗೆ ಹೊಸ ನೀರು ಬಂದಿತ್ತು. ಬರೀ ಕೆಂಪು ರಾಡಿ. ರೇವಯ್ಯ ಅದನ್ನು ಬಟ್ಟೆಯಲ್ಲಿ ಸೋಸಿದ. ಕಸಕಡ್ಡಿ ಹೋಯಿತು, ಮಣ್ಣು ಹೋಗಲಿಲ್ಲ. ಆಗ ಕೊಡದ ಒಳಮೈಗೆ ರಾಡಿ ತಿಳಿಗೊಳಿಸುವ ಚಿಲ್ಲದ ಬೀಜ ತೇಯ್ದು, ನೀರು ತುಂಬಿ, ಅಲುಗಾಡಿಸದೆ ಇಟ್ಟ.

ಬೆಳಗಾಗುವಷ್ಟರಲ್ಲಿ ಮಣ್ಣೆಲ್ಲ ತಳ ಸೇರಿತ್ತು. ಮೇಲಿನ ನೀರನ್ನು ಮೆಲ್ಲಗೆ ತಂಬಿಗೆಗೆ ಬಗ್ಗಿಸಿ ಗುರುಗಳ ಮುಂದೆ ತಂದಿಟ್ಟ.

"ನೋಡಿ ಗುರುಗಳೇ, ಒಂದು ಚೂರೂ ಮಣ್ಣಿಲ್ಲ."

"ನಿನ್ನ ಮನಸ್ಸು?"

"ಅದೂ ಹೀಗೇ ಇದೆ."

"ಒಂದು ಗುಟುಕು ಕುಡಿ."

ಕುಡಿದ. ಮುಖ ಕಿವುಚಿದ.

"ಉಪ್ಪು, ಗುರುಗಳೇ."

"ನಿನ್ನೆ ಸಂಜೆ ಕೊಡಕ್ಕೆ ನಾನೇ ಒಂದು ಹಿಡಿ ಹಾಕಿದೆ."

"ಕಾಣಲೇ ಇಲ್ಲವಲ್ಲ."

"ಕಾಣದ್ದು ಇಲ್ಲ ಅಂದುಕೊಂಡೆಯಾ?"

ತಂಬಿಗೆ ಕೆಳಗಿಟ್ಟ ರೇವಯ್ಯನಿಗೆ ತಾನು ಮುಚ್ಚಿಟ್ಟಿದ್ದ ಮಾತೊಂದು ನೆನಪಾಯಿತು.

ಮೂರು ವರ್ಷದ ಹಿಂದೆ ಆಶ್ರಮದ ಓಲೆಗರಿಯ ಕಟ್ಟೊಂದು ಅವನ ಕೈಜಾರಿ ಹೊಳೆಪಾಲಾಗಿತ್ತು. ಕಟ್ಟು ಕಾಯುವ ಕೆಲಸ ಜೊತೆಗಾರ ಹಂಪಣ್ಣನದು. ಗುರುಗಳು ಎಲ್ಲರೆದುರು ಅವನನ್ನೇ ಗದರಿದರು. ರೇವಯ್ಯ ತುಟಿ ಪಿಟಕ್ಕೆನ್ನಲಿಲ್ಲ. ಹಂಪಣ್ಣ ತಲೆ ತಗ್ಗಿಸಿಕೊಂಡು ಊರಿಗೆ ಹೊರಟುಹೋದ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಎಲ್ಲ ತಣ್ಣಗಾಯಿತೆಂದು ರೇವಯ್ಯ ನಂಬಿದ್ದ.

"ಓಲೆಗರಿ ಕಳೆದವನು ಹಂಪಣ್ಣ ಅಲ್ಲ, ನಾನು," ಎಂದ.

ಗುರುಗಳು ಹೊಳೆಯ ಕಡೆ ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ನೀರಿನಿಂದ ಉಪ್ಪು ತೆಗೆಯುವುದು ಹೇಗೆ, ರೇವಯ್ಯ?"

"ಸೋಸಿದರೆ ಬರುವುದಿಲ್ಲ. ಬೀಜಕ್ಕೂ ಜಗ್ಗುವುದಿಲ್ಲ. ಅಗಲವಾದ ತಟ್ಟೆಗೆ ಸುರಿದು ಬಿಸಿಲಿಗಿಡಬೇಕು. ನೀರೆಲ್ಲ ಆರಿದ ಮೇಲೆ ಉಪ್ಪು ಕಾಣುತ್ತದೆ."

"ಹಂಪಣ್ಣನ ಊರು ಎಷ್ಟು ದೂರ?"

"ಎರಡು ದಿನದ ದಾರಿ. ದೀಕ್ಷೆ ಮುಗಿಸಿಕೊಂಡು..." ಅಷ್ಟರಲ್ಲಿ ಮಾತು ನುಂಗಿದ. "ಬೇಡ. ದೀಕ್ಷೆ ಕೊಡುವುದೂ ಬಿಡುವುದೂ ಆಮೇಲಿನ ಮಾತು. ಮೊದಲು ಹೋಗಿ ಅವನ ಕಾಲು ಹಿಡಿಯುತ್ತೇನೆ. ಇವತ್ತೇ ಸಂಜೆ ತಂಪು ಹೊತ್ತಿಗೆ ಹೊರಡುತ್ತೇನೆ."

ಗುರುಗಳು ಗೋಡೆ ಹಿಡಿದು ಎದ್ದರು. ಮೂಲೆಯಲ್ಲಿದ್ದ ಊರುಗೋಲು ಕೈಗೆತ್ತಿಕೊಂಡರು.

"ನೀವೆಲ್ಲಿಗೆ, ಗುರುಗಳೇ?"

"ಅವನನ್ನು ಗದರಿದವನು ನಾನು. ನಡಿ, ಬಿಸಿಲಿರುವಾಗಲೇ ಹೋಗೋಣ."